ಠರಾವು ಮೊದಲು, ಮಾತು ಆಮೇಲೆ

ಸೆಪ್ಟೆಂಬರ್ ತಿಂಗಳು ಬಂತೆಂದರೆ ಮುಂಬಯಿಯ ಹೌಸಿಂಗ್ ಸೊಸೈಟಿಗಳ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಕೊಳ್ಳುತ್ತದೆ. ವಾರ್ಷಿಕ ಮಹಾಸಭೆ, ಭಾನುವಾರ ಬೆಳಿಗ್ಗೆ 10 ಗಂಟೆಗೆ, ಕೆಳಗಿನ ಪಾರ್ಕಿಂಗ್ ಜಾಗದಲ್ಲಿ. ಅದರ ಕೆಳಗೆ ಇನ್ನೊಂದು ಸಾಲು: ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆಯನ್ನು ಮುಂದೂಡಿ ಅದೇ ದಿನ, ಅದೇ ಜಾಗದಲ್ಲಿ 10.30ಕ್ಕೆ ನಡೆಸಲಾಗುವುದು, ಆಗ ಕೋರಂ ಬೇಕಾಗಿಲ್ಲ. ಹೊಸದಾಗಿ ಫ್ಲ್ಯಾಟ್ ಕೊಂಡವರು ಮೊದಲ ಸಾಲು ಓದಿ ಹತ್ತಕ್ಕೆ ಇಳಿದು ಬರುತ್ತಾರೆ. ಹಳಬರು ಎರಡನೆಯ ಸಾಲು ಓದಿ ಹನ್ನೊಂದಕ್ಕೆ ಬರುತ್ತಾರೆ.

ಉಪನಗರದ ನಮ್ಮ ಕಟ್ಟಡದ ಅಂಥದೊಂದು ಸಭೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಿಷಯ, ಟೆರೇಸ್ ಸೋರುವುದು. ಮೇಲಿನ ಮಹಡಿಯವರು ಫೋನಿನಲ್ಲಿ ತಮ್ಮ ಮನೆಯ ಸೂರಿನ ಫೋಟೋ ತೋರಿಸಿದರು. ಎರಡನೇ ಮಹಡಿಯವರು ತಮ್ಮ ಬಾತ್‌ರೂಮಿನ ಫೋಟೋ ತೋರಿಸಿದರು. ಅಲ್ಲಿಂದ ಮಾತು ನೀರಿನ ಟ್ಯಾಂಕರಿಗೆ, ಟ್ಯಾಂಕರಿನಿಂದ ಅದು ಒಳಗೆ ಬರುವಾಗ ಅಡ್ಡ ನಿಂತಿರುವ ಕಾರಿಗೆ, ಕಾರಿನಿಂದ ಕಾರಿನವರ ನಾಯಿಗೆ ಹೋಯಿತು. ಮರಾಠಿಯಲ್ಲಿ ಶುರುವಾದದ್ದು ಹಿಂದಿಗೆ ಜಾರಿ, ಸಿಟ್ಟು ಏರಿದಾಗ ಗುಜರಾತಿ, ತುಳು, ತಮಿಳಿಗೆ ಒಡೆಯಿತು. ಒಂದೂವರೆ ಗಂಟೆಯಾದ ಮೇಲೆ ಕುಂದಾಪುರ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ನನ್ನ ಕಡೆ ಬಾಗಿ, “ಅಲ್ಲ ಮಾರಾಯ್ರೆ, ಈಗ ನಮ್ಮ ಎದುರಿಗಿರುವ ಠರಾವು ಯಾವುದು?” ಎಂದು ಕೇಳಿದರು.

ಠರಾವೇ ಇರಲಿಲ್ಲ. ನಲವತ್ತು ಜನ ಒಂದೂವರೆ ಗಂಟೆ ಚರ್ಚೆ ಮಾಡಿದ್ದರು. ಯಾವುದರ ಮೇಲೆ ಎಂದು ಕೇಳಿದರೆ ನಲವತ್ತು ಉತ್ತರ ಬರುತ್ತಿತ್ತು. ಕೊನೆಗೆ ಸಮೋಸಾ ಬಂತು, “ಮಂಜೂರ್, ಮಂಜೂರ್” ಎಂದು ಯಾರೋ ಕೂಗಿದರು, ಕುರ್ಚಿಗಳು ಮಡಚಿಕೊಂಡವು. ಆಮೇಲೆ ಕೈಗೆ ಬಂದ ನಡಾವಳಿಯಲ್ಲಿ ಒಂದು ಸಂಖ್ಯೆ, ಒಬ್ಬ ಗುತ್ತಿಗೆದಾರನ ಹೆಸರು, ಮತ್ತು ಆ ಪ್ರಸಿದ್ಧ ಮಾತು: “ಸರ್ವಾನುಮತದಿಂದ ಅಂಗೀಕರಿಸಲಾಯಿತು.” ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಸಲಿ ಸಭೆ ಶುರುವಾದದ್ದು ಆವಾಗ.

ಸಂಸತ್ತಿನ ಕಲಾಪದ ನಿಯಮಗಳು ಎಂದರೆ ನಮಗೆ ದಿಲ್ಲಿಯ ಗದ್ದಲ ನೆನಪಾಗುತ್ತದೆ. ಹಾಗಾಗಿ, ಆ ನಿಯಮಗಳಿಂದ ಸಭೆ ಬೇಗ ಮುಗಿಯುತ್ತದೆ ಎಂದರೆ ನಗುವವರೇ ಹೆಚ್ಚು. ಆದರೆ ಮ್ಯಾನೇಜರು ಕೇಳಿದ ಆ ಒಂದು ಪ್ರಶ್ನೆಯಲ್ಲೇ ಈ ಶಾಸ್ತ್ರದ ಮುಕ್ಕಾಲು ಪಾಲು ಇದೆ. ನಾವು ಮಾತಾಡಿ ಮಾತಾಡಿ ಕೊನೆಗೊಂದು ತೀರ್ಮಾನ ಹುಡುಕುತ್ತೇವೆ. ಕಲಾಪದ ಪದ್ಧತಿ ಇದನ್ನು ತಿರುಗಿಸಿ ಹಿಡಿಯುತ್ತದೆ: ಮೊದಲು ತೀರ್ಮಾನದ ಕರಡನ್ನು ಮೇಜಿನ ಮೇಲಿಡಿ, ಆಮೇಲೆ ಅದಕ್ಕೆ ಹೌದೆನ್ನಿ, ಅಲ್ಲವೆನ್ನಿ, ತಿದ್ದಿ. ಕರಡಿಲ್ಲದ ಕಡೆ ಬಾಯಿ ಬಿಡುವುದಕ್ಕೆ ಯಾರಿಗೂ ಹಕ್ಕಿಲ್ಲ, ಅಧ್ಯಕ್ಷರಿಗೂ ಇಲ್ಲ.

ಈ ಪದ್ಧತಿ ಮುಂಬಯಿಗೆ ಹೊರಗಿನದೂ ಅಲ್ಲ, ಹೊಸದೂ ಅಲ್ಲ. 1885ರ ಡಿಸೆಂಬರ್ 28ರಂದು ಗೋವಾಲಿಯಾ ಟ್ಯಾಂಕ್ ಬಳಿಯ ಗೋಕುಲದಾಸ್ ತೇಜ್‌ಪಾಲ್ ಸಂಸ್ಕೃತ ಕಾಲೇಜಿನಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಪುಣೆಯಲ್ಲಿ ಆಗಬೇಕಿದ್ದದ್ದು, ಅಲ್ಲಿ ಕಾಲರಾ ಬಂದು ಇಲ್ಲಿಗೆ ಬಂತು. ಬಂದವರು 72 ಪ್ರತಿನಿಧಿಗಳು, ಬೇರೆಬೇರೆ ಪ್ರಾಂತ್ಯದವರು. ಅಷ್ಟೂ ಜನಕ್ಕೆ ತಾಯ್ನುಡಿಯೆಂದು ಹೇಳಿಕೊಳ್ಳುವ ಒಂದು ಭಾಷೆ ಇರಲಿಲ್ಲ. ಡಬ್ಲ್ಯು. ಸಿ. ಬ್ಯಾನರ್ಜಿ ಅಧ್ಯಕ್ಷತೆ. ‘ದಿ ಹಿಂದೂ’ ಪತ್ರಿಕೆಯ ಜಿ. ಸುಬ್ರಮಣ್ಯ ಅಯ್ಯರ್ ಮೊದಲ ಠರಾವು ಮಂಡಿಸಿದರು: ಭಾರತದ ಆಡಳಿತದ ವಿಚಾರಣೆಗೆ ಒಂದು ರಾಯಲ್ ಕಮಿಷನ್ ನೇಮಿಸಬೇಕು ಎಂದು. ದೇಶದ ದೊಡ್ಡ ರಾಜಕೀಯ ಪಕ್ಷವೊಂದು ಹುಟ್ಟಿದ್ದೇ ಠರಾವು ಮಂಡಿಸುವ ಕ್ರಮದೊಳಗೆ.

ಅದೇ ಗೋವಾಲಿಯಾ ಟ್ಯಾಂಕ್, 57 ವರ್ಷಗಳ ನಂತರ. 1942ರ ಆಗಸ್ಟ್ 8. ‘ಕ್ವಿಟ್ ಇಂಡಿಯಾ’ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಸಾವಿರಾರು ಜನ, ಘೋಷಣೆ, ಬೆಳಗಾಗುವ ಮೊದಲೇ ಬಂಧನ. ಅದಕ್ಕೂ ಮೊದಲು ಅಲ್ಲಿ ನಡೆದದ್ದು ಒಂದು ಸಭೆ ಎಂಬುದು ಮರೆತೇ ಹೋಗಿದೆ. ಮೌಲಾನಾ ಆಜಾದ್ ಅಧ್ಯಕ್ಷರು. ಠರಾವು ಮಂಡಿಸಿದವರು ಜವಾಹರಲಾಲ್ ನೆಹರು, ಅನುಮೋದಿಸಿದವರು ವಲ್ಲಭಭಾಯಿ ಪಟೇಲ್. ತಿದ್ದುಪಡಿಗಳು ಬಂದವು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಮೂವರು ಅವನ್ನು ಮತಕ್ಕೆ ಹಾಕಿಸಿದರು. ಕೊನೆಗೆ ಮೂಲ ಠರಾವಿನ ವಿರುದ್ಧ 13 ಮತ ಬಿದ್ದವು. ಹಾಗೆ ಕೈ ಎತ್ತಿದವರಲ್ಲಿ ಹೆಚ್ಚಿನವರು ಕಮ್ಯುನಿಸ್ಟ್ ಸದಸ್ಯರು. ಗಾಂಧೀಜಿ ಮಾತಾಡಲು ಎದ್ದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಿದ್ದುಪಡಿ ತಂದ ಆ ಮೂವರನ್ನೂ ವಿರೋಧಿಸಿದ ಹದಿಮೂರು ಜನರನ್ನೂ ಅಭಿನಂದಿಸಿದ್ದು. ನೀವು ನಾಚಬೇಕಾದ್ದೇನಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದರು.

ಬ್ರಿಟಿಷರಿಗೆ ಹೊರಡಿ ಎನ್ನುವ ಹೊತ್ತಿನಲ್ಲೂ ಸೂಚಕರು, ಅನುಮೋದಕರು, ತಿದ್ದುಪಡಿ, ಮತ ಎಣಿಕೆ! ನಮ್ಮ ಟೆರೇಸಿಗೆ ಅಷ್ಟು ಅವಸರವೇನಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಗೋವಾಲಿಯಾ ಟ್ಯಾಂಕಿನಿಂದ ಸ್ವಲ್ಪ ನಡೆದರೆ ಗಾಂವದೇವಿ. ಈ ಕತೆಯ ಕನ್ನಡನಾಡಿನ ಎಳೆ ಅಲ್ಲಿದೆ. ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರ ಮೇ 8ರಂದು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಮರುವರ್ಷವೇ ಮುಂಬಯಿಯಲ್ಲಿ ಕೆನರಾ ಮೂಲದ ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರು ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಪತ್ತಿನ ಸಂಘ ಕಟ್ಟಿದರು. ಇವತ್ತಿನ ಎಸ್‌ವಿಸಿ ಬ್ಯಾಂಕು ಅದೇ. 1915ರಲ್ಲಿ ಅವರದೇ ಮುತುವರ್ಜಿಯಿಂದ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಹೌಸಿಂಗ್ ಸೊಸೈಟಿ ಎದ್ದಿತು. ಏಷ್ಯಾದ ಮೊದಲ ಸಹಕಾರಿ ವಸತಿ ಸಂಘ ಎಂದು ಅದನ್ನು ಕರೆಯುವ ರೂಢಿಯಿದೆ. (1909ರ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿಯನ್ನು ಮುಂದಿಟ್ಟು ಬೆಂಗಳೂರಿನವರು ತಕರಾರು ತೆಗೆಯಬಹುದು. ಎರಡೂ ನಮ್ಮ ಕಡೆಯವೇ ಆದ್ದರಿಂದ ನಾನು ತೀರ್ಪು ಕೊಡಲು ಹೋಗುವುದಿಲ್ಲ.) ತಾಡದೇವದ ತಲ್ಮಕಿವಾಡಿ ಇವತ್ತಿಗೂ ಅವರ ಹೆಸರು ಹೊತ್ತು ನಿಂತಿದೆ.

ಸಾಲ ಕೊಡುವ ಸಂಘ, ಮನೆ ಕಟ್ಟುವ ಸಂಘ ಎಂದರೆ ದುಡ್ಡಿನ ವ್ಯವಹಾರ. ದುಡ್ಡಿದ್ದ ಮೇಲೆ ಯಾರು ಹೇಳಿದರು, ಯಾರು ಒಪ್ಪಿದರು, ಎಷ್ಟು ಜನ ಇದ್ದರು ಎಂಬುದು ಪುಸ್ತಕದಲ್ಲಿ ಇರಲೇಬೇಕು. ಹಾಗಾಗಿ ಊರಿನಿಂದ ಹೊಟ್ಟೆಪಾಡಿಗೆ ಬಂದವರು ಇಲ್ಲಿ ಕಟ್ಟಿಕೊಂಡ ಸಂಸ್ಥೆಗಳೆಲ್ಲ ಸಭೆಯ ಶಾಲೆಗಳೂ ಆದವು: 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, ಆಮೇಲೆ ಬಿಲ್ಲವರ ಅಸೋಸಿಯೇಷನ್, ಕರ್ನಾಟಕ ಸಂಘ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು ಭಾನುವಾರ ‘ಗತಸಭೆಯ ವರದಿ’, ‘ಆಯವ್ಯಯ ಪಟ್ಟಿ’, ‘ಸೂಚಕರು’, ‘ಅನುಮೋದಕರು’ ಎಂಬ ಶಬ್ದಗಳನ್ನೂ ಕಲಿತರು. ಅತ್ತ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಪ್ರತಿನಿಧಿಗಳು ಮುಂಬಯಿ ಶಾಸನಸಭೆಯಲ್ಲೇ ಕೂರುತ್ತಿದ್ದ ಕಾಲ ಅದು. 1937ರಿಂದ ಆ ಸಭೆಯ ಅಧ್ಯಕ್ಷಪೀಠದಲ್ಲಿದ್ದ ಗಣೇಶ ವಾಸುದೇವ ಮಾವಳಂಕರರೇ 1952ರಲ್ಲಿ ಲೋಕಸಭೆಯ ಮೊದಲ ಸ್ಪೀಕರ್ ಆದದ್ದು. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಚುನಾಯಿತ ಸಭೆಯೊಂದನ್ನು ಒಳಗಿನಿಂದ ಕಂಡದ್ದು ಮುಂಬಯಿ ಮಹಾನಗರಪಾಲಿಕೆಯಲ್ಲಿ, 1961ರಲ್ಲಿ.

ಶಬ್ದಗಳ ಪಯಣವೇ ಒಂದು ಸ್ವಾರಸ್ಯ. ಮಂಗಳೂರು ಕಡೆಯವರು ನಿರ್ಣಯ, ಗೊತ್ತುವಳಿ ಎನ್ನುತ್ತಾರೆ. ಧಾರವಾಡದವರು ಮರಾಠಿಯವರ ಹಾಗೆ ಠರಾವು ಎನ್ನುತ್ತಾರೆ. ಮುಂಬಯಿಯಲ್ಲಿ ಹತ್ತು ವರ್ಷ ಇದ್ದರೆ ಎಲ್ಲರೂ ಠರಾವಿಗೇ ಬರುತ್ತಾರೆ. ಸಭೆ ಮುಂದೂಡಿದರೆ ಇಲ್ಲಿ ‘ತಹಕೂಬ್’. ಇಂಗ್ಲಿಷಿನ ‘ಪಾಯಿಂಟ್ ಆಫ್ ಆರ್ಡರ್’ಗೆ ಕರ್ನಾಟಕದ ವಿಧಾನಸಭೆಯಲ್ಲಿ ‘ಕ್ರಿಯಾಲೋಪ’ ಎಂಬ ಚೆಂದದ ಶಬ್ದವಿದೆ, ಪೂಜೆಯಲ್ಲಿ ಏನೋ ತಪ್ಪಿತು ಎಂದು ಭಟ್ಟರು ಹೇಳಿದ ಹಾಗೆ.

ಸಭೆ ನಡೆಸುವ ಈ ವಿದ್ಯೆಯನ್ನು ಪುಸ್ತಕದ ರೂಪದಲ್ಲಿ ಜನಸಾಮಾನ್ಯರ ಕೈಗೆ ಕೊಟ್ಟವರು ಒಬ್ಬ ಎಂಜಿನಿಯರು. ಅಮೆರಿಕದ ಸೈನ್ಯದ ಹೆನ್ರಿ ಮಾರ್ಟಿನ್ ರಾಬರ್ಟ್‌ಗೆ 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ಚರ್ಚಿನ ಸಭೆಯೊಂದನ್ನು ನಡೆಸಿಕೊಡಿ ಎಂದರು. ಹೇಗೆಂದು ಗೊತ್ತಿರಲಿಲ್ಲ, ಸಭೆ ಕೈಮೀರಿತು, ಆತನಿಗೆ ಮುಖ ತೋರಿಸಲಾಗಲಿಲ್ಲ. ಇನ್ನೆಂದೂ ಕಲಿಯದೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದುಕೊಂಡ. ಕೆಲವು ವರ್ಷಗಳ ನಂತರ ಸ್ಯಾನ್ ಫ್ರಾನ್ಸಿಸ್ಕೊಗೆ ವರ್ಗವಾದಾಗ ನೋಡಿದರೆ, ದೇಶದ ಎಲ್ಲ ಮೂಲೆಗಳಿಂದ ಬಂದು ತುಂಬಿದ ಊರು; ಸಭೆ ನಡೆಯುವುದು ಹೀಗೇ ಎಂದು ಒಬ್ಬೊಬ್ಬರಿಗೂ ಒಂದೊಂದು ನಂಬಿಕೆ. ವಿಷಯದ ಮೇಲಿನ ಜಗಳಕ್ಕಿಂತ ಪದ್ಧತಿಯ ಮೇಲಿನ ಜಗಳವೇ ಹೆಚ್ಚು. ಇದನ್ನು ಓದಿದಾಗ ನನಗೆ ನಮ್ಮ ಕಟ್ಟಡವೇ ನೆನಪಾಯಿತು. ಆತ 1876ರಲ್ಲಿ ಸ್ವಂತ ಖರ್ಚಿನಲ್ಲಿ 176 ಪುಟದ ಕೈಪಿಡಿಯ 4,000 ಪ್ರತಿ ಅಚ್ಚು ಹಾಕಿಸಿದ. ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂದು ಅದು ಇಂದಿಗೂ ಮರುಮುದ್ರಣ ಕಾಣುತ್ತಿದೆ.

ಒಂದು ಎಚ್ಚರಿಕೆ. ರಾಬರ್ಟನ ಪುಸ್ತಕ ನಮ್ಮಲ್ಲಿ ಕಾನೂನಲ್ಲ. ನಮ್ಮ ಸಂಸತ್ತಿನ ಪದ್ಧತಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಿಂದ ಬಂದದ್ದು, 1844ರಲ್ಲಿ ಥಾಮಸ್ ಎರ್ಸ್ಕಿನ್ ಮೇ ಬರೆದ ಗ್ರಂಥದ ಪರಂಪರೆ. ಮುಂಬಯಿಯ ಹೌಸಿಂಗ್ ಸೊಸೈಟಿಗೆ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ ಮೊದಲು, ನಿಯಮಾವಳಿ ಆಮೇಲೆ, ಸೊಸೈಟಿಯ ಬೈಲಾ ಅದರ ಹಿಂದೆ. ಇವು ಸುಮ್ಮನಿರುವ ಕಡೆ ಮಾತ್ರ ಕೈಪಿಡಿಯನ್ನು ಕೇಳಬೇಕು. ಮತ್ತೆ, ಇವು ಅಷ್ಟೇನೂ ಸುಮ್ಮನಿಲ್ಲ. ಹಣಕಾಸು ವರ್ಷ ಮುಗಿದ ಆರು ತಿಂಗಳಲ್ಲಿ, ಎಂದರೆ ಸೆಪ್ಟೆಂಬರ್ 30ರೊಳಗೆ ಮಹಾಸಭೆ ಆಗಬೇಕು. ಅದಕ್ಕೆ 14 ಪೂರ್ಣ ದಿನಗಳ ನೋಟಿಸು. ವಿಶೇಷ ಮಹಾಸಭೆಗೆ 5 ದಿನ. ಮಾದರಿ ಬೈಲಾ ಪ್ರಕಾರ ಕೋರಂ ಎಂದರೆ ಸದಸ್ಯರಲ್ಲಿ ಮೂರನೇ ಎರಡರಷ್ಟು ಅಥವಾ 20 ಜನ, ಯಾವುದು ಕಡಿಮೆಯೋ ಅದು. ಐದನೇ ಒಂದರಷ್ಟು ಸದಸ್ಯರು ಸಹಿ ಮಾಡಿ ಕೊಟ್ಟರೆ ಒಂದು ತಿಂಗಳಲ್ಲಿ ವಿಶೇಷ ಸಭೆ ಕರೆಯಲೇಬೇಕು. ಆದರೆ ಹಾಗೆ ಕೇಳಿ ಕರೆಸಿದ ಸಭೆಗೆ ಅರ್ಧ ಗಂಟೆಯಲ್ಲಿ ಕೋರಂ ಬಾರದಿದ್ದರೆ ಸಭೆ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ರದ್ದು. ಸಹಿ ಹಾಕಿ ಮನೆಯಲ್ಲಿ ಮಲಗುವವರಿಗೆ ಇದು ತಕ್ಕ ಶಾಸ್ತಿ.

ಈಗ ಟೆರೇಸಿಗೆ ವಾಪಸು ಹೋಗೋಣ. ಕ್ರಮ ಪ್ರಕಾರ ಅದು ಹೇಗೆ ನಡೆಯಬೇಕಿತ್ತು?

ಅಧ್ಯಕ್ಷರು ವಿಷಯ ಸಂಖ್ಯೆ ಹೇಳುತ್ತಾರೆ. ಒಬ್ಬರು ಎದ್ದು ಹೀಗೆ ಓದುತ್ತಾರೆ: “ಟೆರೇಸಿನ ವಾಟರ್‌ಪ್ರೂಫಿಂಗ್ ಕೆಲಸವನ್ನು ಕನಿಷ್ಠ ಮೂರು ಕೊಟೇಶನ್ ತರಿಸಿ, ರಿಪೇರಿ ಫಂಡಿನಿಂದ 12 ಲಕ್ಷ ರೂಪಾಯಿ ಮೀರದಂತೆ, ಮೇ ಕೊನೆಯೊಳಗೆ ಮಾಡಿಸಲು ಕಮಿಟಿಗೆ ಅಧಿಕಾರ ಕೊಡಬೇಕೆಂದು ಸೂಚಿಸುತ್ತೇನೆ.” ಇನ್ನೊಬ್ಬರು “ಅನುಮೋದಿಸುತ್ತೇನೆ” ಎನ್ನುತ್ತಾರೆ. ಅನುಮೋದನೆ ಎಂದರೆ ಒಪ್ಪಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಇದು ಚರ್ಚೆಗೆ ಯೋಗ್ಯ ಎಂದು ಸೂಚಕರ ಹೊರತು ಇನ್ನೊಬ್ಬರಿಗಾದರೂ ಅನಿಸಿದೆ ಎಂಬುದಕ್ಕೆ ಅಷ್ಟೇ ಸಾಕ್ಷಿ. ಒಬ್ಬನ ಹಟಕ್ಕೆ ನಲವತ್ತು ಜನರ ಭಾನುವಾರ ಹಾಳಾಗಬಾರದಲ್ಲ. (ಲೋಕಸಭೆಯಲ್ಲಿ ಇದು ಬಹುಮಟ್ಟಿಗೆ ಬಿಟ್ಟುಹೋಗಿದೆ, ಸ್ಪೀಕರ್ ಆಯ್ಕೆ, ರಾಷ್ಟ್ರಪತಿ ಭಾಷಣದ ವಂದನಾ ನಿರ್ಣಯದಂಥ ಕಡೆ ಉಳಿದಿದೆ.) ಆಮೇಲೆ ಅಧ್ಯಕ್ಷರು ಠರಾವನ್ನು ತಾವೇ ಇನ್ನೊಮ್ಮೆ ಓದಿ ಹೇಳುತ್ತಾರೆ. ಆ ಗಳಿಗೆಯಿಂದ ಅದು ಸೂಚಕರ ಸ್ವತ್ತಲ್ಲ, ಸಭೆಯ ಸ್ವತ್ತು.

ಈಗ ಮಾತು. ಎರಡನೇ ಮಹಡಿಯ ಬಾತ್‌ರೂಮ್? ಈ ಠರಾವಿಗೆ ಸಂಬಂಧವಿಲ್ಲ, ಕುಳಿತುಕೊಳ್ಳಿ. 12 ಲಕ್ಷ ಹೆಚ್ಚಾಯಿತು ಎನ್ನುವವರು ದನಿ ಏರಿಸಬೇಕಿಲ್ಲ, “12ರ ಬದಲು 9” ಎಂಬ ತಿದ್ದುಪಡಿ ತಂದರೆ ಸಾಕು. ತಿದ್ದುಪಡಿ ಬಂದ ಮೇಲೆ ಮಾತು ಅದರ ಮೇಲೆ ಮಾತ್ರ. ಮೊದಲು ಅದಕ್ಕೆ ಮತ, ಆಮೇಲೆ ತಿದ್ದಿದ ಅಥವಾ ತಿದ್ದದ ಮೂಲ ಠರಾವಿಗೆ ಮತ. ಎಲ್ಲರೂ ಮಾತಾಡುವುದು ಅಧ್ಯಕ್ಷರನ್ನು ಉದ್ದೇಶಿಸಿ. ಇದನ್ನು ಬರೀ ಔಪಚಾರಿಕ ಎಂದು ನಾನೂ ತಿಳಿದಿದ್ದೆ. ಆದರೆ “ಅಧ್ಯಕ್ಷರೇ, 301ರವರ ಮಾತು ಸರಿಯಿಲ್ಲ” ಎನ್ನುವುದಕ್ಕೂ 301ರವರ ಮುಖಕ್ಕೆ ಬೆರಳು ತೋರಿಸಿ ಅದನ್ನೇ ಹೇಳುವುದಕ್ಕೂ ನಡುವೆ ಆರು ತಿಂಗಳ ಲಿಫ್ಟಿನ ಮೌನವಿದೆ. ಒಮ್ಮೆ ಮಾತಾಡಿದವರು ಇನ್ನೂ ಬಾಯಿ ತೆರೆಯದವರಿಗೆ ಜಾಗ ಬಿಡಬೇಕು ಎಂಬುದೊಂದು ನಿಯಮ ಇಟ್ಟರೂ ಸಾಕು, ಹಿಂದಿನ ಸಾಲಿನ ಹೆಂಗಸರ ದನಿ ಕೇಳಿಸತೊಡಗುತ್ತದೆ. ಮನೆಯೊಳಗೆ ನೀರು ಎಲ್ಲಿ ಜಿನುಗುತ್ತದೆ ಎಂದು ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಚರ್ಚೆ ಸಾಕು ಅನಿಸಿದರೆ? “ಈಗ ಮತಕ್ಕೆ ಹಾಕಿ” ಎಂದು ಯಾರಾದರೂ ಸೂಚಿಸಬಹುದು. ರಾಬರ್ಟನ ಲೆಕ್ಕದಲ್ಲಿ ಅದಕ್ಕೆ ಮೂರನೇ ಎರಡರಷ್ಟು ಬೆಂಬಲ ಬೇಕು, ಏಕೆಂದರೆ ಬಾಯಿ ಮುಚ್ಚಿಸುವ ಕೆಲಸ ಬರೀ ಬಹುಮತದ ಕೈಲಿ ಇರಬಾರದು. ಮಾಹಿತಿ ಸಾಲದು ಅನಿಸಿದರೆ ಮೂವರ ಸಮಿತಿಗೆ ಒಪ್ಪಿಸಿ, ವರದಿಗೆ ದಿನ ಹಾಕಬಹುದು. ಕ್ರಿಯಾಲೋಪ ಎತ್ತುವುದಕ್ಕೆ ಮಾತ್ರ ನಡುವೆ ಬಾಯಿ ಹಾಕುವ ಅಧಿಕಾರವಿದೆ: ಕೋರಂ ಇಲ್ಲ, ವಿಷಯ ನೋಟಿಸಿನಲ್ಲಿಲ್ಲ, ಮಾತು ಠರಾವಿನ ಹೊರಗೆ ಹೋಗಿದೆ, ಇಂಥದ್ದಕ್ಕೆ. ನಮ್ಮಲ್ಲಿ ಇದನ್ನು ಎತ್ತುವ ಹತ್ತರಲ್ಲಿ ಒಂಬತ್ತು ಜನ ತಮ್ಮ ಭಾಷಣದ ಎರಡನೆಯ ಕಂತು ಶುರುಮಾಡುತ್ತಾರೆ. ಅಧ್ಯಕ್ಷರು ಅಲ್ಲೇ ತಡೆಯಬೇಕು.

ಅಧ್ಯಕ್ಷರ ಕುರ್ಚಿಯ ಕಷ್ಟ ಇಲ್ಲಿದೆ. ಸೊಸೈಟಿಯ ಅಧ್ಯಕ್ಷರೇ ಸಭೆಯ ಅಧ್ಯಕ್ಷರೂ ಆಗುವುದರಿಂದ, ತಮ್ಮದೇ ಕಮಿಟಿಯ ಲೆಕ್ಕವನ್ನು ಸದಸ್ಯರು ಹರಿಯುವಾಗ ತಾವೇ ತಕ್ಕಡಿ ಹಿಡಿಯಬೇಕು. ಲೋಕಸಭೆಯ ಸ್ಪೀಕರ್ ಸರ್ಕಾರದ ಲೆಕ್ಕಕ್ಕೆ ಉತ್ತರ ಕೊಡುವುದಿಲ್ಲ. ನಮ್ಮ ಅಧ್ಯಕ್ಷರು ಕೊಡಬೇಕು. ಹಾಗಾಗಿ ಸ್ವಲ್ಪ ವಿವೇಕ ಇರುವವರು ಉತ್ತರವನ್ನು ಸೆಕ್ರೆಟರಿಗೆ, ಖಜಾಂಚಿಗೆ ಬಿಟ್ಟು ತಾವು ಗಡಿಯಾರ ನೋಡುತ್ತಾರೆ. ಮತ ಸಮಸಮ ಬಂದರೆ ಕಾಯಿದೆ ಅವರಿಗೆ ನಿರ್ಣಾಯಕ ಮತ ಕೊಟ್ಟಿದೆ. ಅದನ್ನು ಹೇಗೆ ಹಾಕಬೇಕು ಎಂಬುದಕ್ಕೆ ಬ್ರಿಟಿಷ್ ಸ್ಪೀಕರ್ ಜಾನ್ ಡೆನಿಸನ್ 1867ರಲ್ಲಿ ಹಾಕಿಕೊಟ್ಟ ಸಂಪ್ರದಾಯವಿದೆ: ಸಭೆಯೇ ಬಹುಮತದಿಂದ ಹೊಸದನ್ನು ಒಪ್ಪದಿರುವಾಗ ಪೀಠ ಅದನ್ನು ಹೇರಬಾರದು; ಇದ್ದದ್ದು ಇದ್ದ ಹಾಗೇ ಇರಲಿ, ವಿಷಯ ಮತ್ತೆ ಬರಲು ಬಾಗಿಲು ತೆರೆದಿರಲಿ. ಪಾರ್ಕಿಂಗ್ ಹಂಚಿಕೆಯ ದಿನ ಈ ಸಂಪ್ರದಾಯ ನೆನಪಿಟ್ಟುಕೊಂಡ ಅಧ್ಯಕ್ಷರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಕಾರ್ಯಸೂಚಿಯ ಕೊನೆಯ ಸಾಲೊಂದಿದೆ. ಕನ್ನಡದಲ್ಲಿ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’, ಮರಾಠಿಯಲ್ಲಿ ‘ಆಯತ್ಯಾ ವೇಳಚೇ ವಿಷಯ’, ಎಂದರೆ ಕೊನೆಗಳಿಗೆಯಲ್ಲಿ ಬಂದ ವಿಷಯಗಳು. ಅರ್ಧ ಜನ ಎದ್ದುಹೋದ ಮೇಲೆ, ಸಮೋಸಾದ ವಾಸನೆ ಹಬ್ಬಿದಾಗ, ದೊಡ್ಡ ಖರ್ಚುಗಳು ನುಸುಳುವ ಹಿತ್ತಿಲ ಬಾಗಿಲು ಅದು. ನೋಟಿಸು ಬೇಕಾದ ವಿಷಯವನ್ನು ಆ ಬಾಗಿಲಿನಿಂದ ತರುವಂತಿಲ್ಲ ಎಂದು ಬೈಲಾ ಸ್ಪಷ್ಟವಾಗಿ ಹೇಳುತ್ತದೆ. ಇದೊಂದನ್ನು ಎದ್ದು ನಿಂತು ಹೇಳಲು ಕಲಿತರೂ ಸದಸ್ಯರ ಬಹಳಷ್ಟು ದುಡ್ಡು ಉಳಿಯುತ್ತದೆ. (ಸಮೋಸಾದ ಬಗ್ಗೆ ಹೇಳಿದ್ದರಿಂದ: ಕಂಪನಿಗಳ ಷೇರುದಾರರ ಸಭೆಯಲ್ಲಿ ಉಡುಗೊರೆ, ಕೂಪನ್ ಹಂಚುವುದನ್ನು 2015ರಿಂದ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಾನದಂಡ ನಿಷೇಧಿಸಿದೆ. ಚಹಾ-ತಿಂಡಿಯ ಆಸೆಗೇ ಚರ್ಚ್‌ಗೇಟಿನ ಕಡೆ ಸಭೆಯಿಂದ ಸಭೆಗೆ ನಡೆಯುತ್ತಿದ್ದ ಪುಟ್ಟ ಷೇರುದಾರರು ಹಳೆಯ ಮುಂಬಯಿಯ ಒಂದು ಪ್ರಿಯ ಪಂಗಡ.)

ಇಷ್ಟೆಲ್ಲ ಆದರೂ ಆಟದ ಗೆಲುವು-ಸೋಲು ನಿಂತಿರುವುದು ನಡಾವಳಿಯ ಮೇಲೆ. ಠರಾವಿಲ್ಲದೆ ಮಾತು ನಡೆದ ಸಭೆಯಲ್ಲಿ ತೀರ್ಮಾನ ಆಗುವುದು ಸಭೆಯ ನಂತರ, ಸೆಕ್ರೆಟರಿಯ ಮನೆಯ ಊಟದ ಮೇಜಿನ ಮೇಲೆ. ಅವರು ಕಪಟಿಯಾಗಿರಬೇಕೆಂದೇನೂ ಇಲ್ಲ. ನಲವತ್ತು ಜನರ ಗಲಾಟೆಯಿಂದ ಒಂದು ವಾಕ್ಯ ಹೆಕ್ಕಿ ಎಂದರೆ ಯಾರಾದರೂ ತಮಗೆ ಕೇಳಿಸಿದ ವಾಕ್ಯವನ್ನೇ ಹೆಕ್ಕುತ್ತಾರೆ. ಠರಾವನ್ನು ಮೊದಲೇ ಓದಿ ಹೇಳಿಸುವ ಪದ್ಧತಿ ಈ ಭಾರವನ್ನು ಅವರ ತಲೆಯಿಂದ ಇಳಿಸುತ್ತದೆ. ಬೈಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಕಮಿಟಿ ಮೂರು ತಿಂಗಳೊಳಗೆ ಕರಡು ನಡಾವಳಿ ಸಿದ್ಧಮಾಡಿ, 15 ದಿನದಲ್ಲಿ ಎಲ್ಲರಿಗೂ ಹಂಚಬೇಕು, ಸದಸ್ಯರು ಮತ್ತೆ 15 ದಿನದಲ್ಲಿ ತಕರಾರು ಬರೆದು ಕೊಡಬಹುದು, ಅದನ್ನು ನೋಡಿದ ಮೇಲೆಯೇ ಪುಸ್ತಕಕ್ಕೆ ಏರಿಸಬೇಕು. ಆ 15 ದಿನ ಎಲ್ಲರೂ ವಾಟ್ಸ್‌ಆ್ಯಪಿನಲ್ಲಿ ಬೈಯುತ್ತಾರೆ, ಕಾಗದ ಮಾತ್ರ ಯಾರೂ ಕೊಡುವುದಿಲ್ಲ. ಒಮ್ಮೆ ಪಾಸಾದ ಠರಾವನ್ನು ಆರು ತಿಂಗಳು ರದ್ದುಮಾಡಲೂ ಬರುವುದಿಲ್ಲ. ಲೋಕಸಭೆಯಲ್ಲೂ ಹಾಗೇ, ತೀರ್ಮಾನವಾದ ವಿಷಯವನ್ನೇ ಅದೇ ಅಧಿವೇಶನದಲ್ಲಿ ಮತ್ತೆ ಎತ್ತುವಂತಿಲ್ಲ. ರಾಬರ್ಟನದು ಇನ್ನೂ ಜಾಣತನ: ಮರುಪರಿಶೀಲನೆ ಕೇಳಬಹುದು, ಆದರೆ ಗೆದ್ದ ಬಣದಲ್ಲಿ ಮತ ಹಾಕಿದವರೇ ಕೇಳಬೇಕು. ಸೋತವರು ಅದೇ ಸಭೆಯಲ್ಲಿ ಮತ್ತೆ ಮತ್ತೆ ಬಾಗಿಲು ಬಡಿಯುವಂತಿಲ್ಲ.

ಇದು ಬರೀ ಶಿಸ್ತಿನ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂಬಯಿಯಲ್ಲಿ ಈಗ ಹಳೆಯ ಕಟ್ಟಡಗಳೆಲ್ಲ ಪುನರಭಿವೃದ್ಧಿಯ ಸರದಿಯಲ್ಲಿ ನಿಂತಿವೆ. 2019ರ ಜುಲೈ 4ರ ಸರ್ಕಾರಿ ಆದೇಶದ ಪ್ರಕಾರ ಅದರ ವಿಶೇಷ ಸಭೆಗೆ ಮೂರನೇ ಎರಡರಷ್ಟು ಸದಸ್ಯರು ಹಾಜರಿರಬೇಕು, ಒಟ್ಟು ಸದಸ್ಯರಲ್ಲಿ ಕನಿಷ್ಠ ಶೇ 51 ಜನ ಒಪ್ಪಬೇಕು. ಇಲ್ಲಿ 10.30ರ ಜಾಣತನ ನಡೆಯದು. ಒಮ್ಮೆ ಮಹಾಸಭೆ ಸರಿಯಾದ ಕ್ರಮದಲ್ಲಿ ತೀರ್ಮಾನಿಸಿದರೆ ಒಪ್ಪದ ಕೆಲವರು ಅದನ್ನು ತಡೆದು ಕೂರುವಂತಿಲ್ಲ ಎಂಬುದು 2009ರಿಂದೀಚೆಗೆ ಬಾಂಬೆ ಹೈಕೋರ್ಟು ಮತ್ತೆ ಮತ್ತೆ ಹೇಳಿದ ಮಾತು. ಎಂದರೆ, ಒಂದು ಭಾನುವಾರದ ಸಭೆ ನಿಮ್ಮನ್ನು ನಲವತ್ತು ವರ್ಷದ ಮನೆಯಿಂದ ಎಬ್ಬಿಸಿ ಕಳಿಸಬಹುದು. ಅಂಥ ಸಭೆಯಲ್ಲಿ ಎದುರಿಗಿರುವ ಠರಾವು ಏನು ಎಂದು ಕೇಳದೆ ಕೂರುವುದು, ಓದದೆ ಸಹಿ ಹಾಕಿದ ಹಾಗೆ.

ಇನ್ನು ಕನ್ನಡಿಗರ ಸಂಘಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮಗೆ ಸರ್ವಾನುಮತದ ಮೋಹ ಜಾಸ್ತಿ. ‘ಅವಿರೋಧ ಆಯ್ಕೆ’ ಎಂದು ಪತ್ರಿಕೆಯಲ್ಲಿ ಬಂದರೆ ಹೆಮ್ಮೆ. ಮತದಾನ ಆಯಿತೆಂದರೆ ಸಂಘ ಒಡೆಯಿತೆಂದು ಊರಿನವರೆಗೆ ಸುದ್ದಿ. ಎದ್ದು “ಬೇಡ” ಎಂದವರನ್ನು ಸಭೆಯ ನಂತರ ಹಿರಿಯರು ಬದಿಗೆ ಕರೆದು, “ಏನು ಹೀಗೆ ಮಾಡಿದಿ?” ಎಂದು ಕೇಳುತ್ತಾರೆ. ಹೀಗೆ ಬಾಯಿ ಮುಚ್ಚಿದವರು ಸುಮ್ಮನಿರುವುದಿಲ್ಲ. ಮುಂದಿನ ವರ್ಷ ಬೇರೆ ಸಂಘ ಕಟ್ಟುತ್ತಾರೆ. ಮುಂಬಯಿಯಲ್ಲಿ ಕನ್ನಡ ಸಂಘಗಳ ಸಂಖ್ಯೆ ಹೆಚ್ಚಲು ಅಭಿಮಾನ ಒಂದೇ ಕಾರಣವಲ್ಲ ಎಂಬುದು ನನ್ನ ಗುಮಾನಿ. 1942ರ ಆ ಹದಿಮೂರು ಜನರಿಗೆ ಸಿಕ್ಕ ಅಭಿನಂದನೆಯನ್ನು ನಮ್ಮ ಸಂಘಗಳ ಒಬ್ಬ ಅಧ್ಯಕ್ಷರೂ ಇನ್ನೂ ಯಾರಿಗೂ ಕೊಟ್ಟದ್ದನ್ನು ನಾನು ಕೇಳಿಲ್ಲ.

ನಿಯಮ ಹೆಚ್ಚಾದರೆ ಅದೂ ಒಂದು ರೋಗ, ನಿಜ. ಹನ್ನೆರಡು ಮನೆಯ ಸೊಸೈಟಿಯಲ್ಲಿ ತಿದ್ದುಪಡಿಗೆ ತಿದ್ದುಪಡಿ ತರುವವರನ್ನು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ರಾಬರ್ಟ್ ಕೂಡ ಸಣ್ಣ ಮಂಡಳಿಗಳಿಗೆ ಸಡಿಲ ಕ್ರಮವೇ ಸಾಕು ಎಂದಿದ್ದಾನೆ. ಹಾಗೆಯೇ, ಸಭೆಯೇ ಇಲ್ಲದಿರುವುದೂ ಬಹಳ ಸಲೀಸು: 2022ರ ಮಾರ್ಚ್‌ನಲ್ಲಿ ಮುಂಬಯಿ ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಒಬ್ಬ ಆಡಳಿತಾಧಿಕಾರಿಯೇ ಕಡತಗಳಿಗೆ ಸಹಿ ಹಾಕಿದರು. ಕೋರಂ ಬೇಕಿಲ್ಲ, ಕ್ರಿಯಾಲೋಪ ಇಲ್ಲ, ಗದ್ದಲ ಇಲ್ಲ. ಆ ಮೌನ ಯಾರಿಗೆ ಅನುಕೂಲವಾಯಿತು ಎಂಬುದನ್ನು ವಾರ್ಡಿನ ರಸ್ತೆ ನೋಡಿ ತಿಳಿಯಬಹುದು.

ನಮ್ಮ ಕಟ್ಟಡದ ಟೆರೇಸ್ ಮರುವರ್ಷದ ಸಭೆಗೆ ಮತ್ತೆ ಬಂತು, ಏಕೆಂದರೆ ಮತ್ತೆ ಸೋರಿತ್ತು. ಈ ಸಲ ಕುಂದಾಪುರದ ಮ್ಯಾನೇಜರು ಠರಾವನ್ನು ಮೊದಲೇ ಕಾಗದದ ಮೇಲೆ ಮರಾಠಿಯಲ್ಲಿ ಬರೆದು, ಪಕ್ಕದ ಮನೆಯ ಹುಡುಗಿಯ ಕೈಲಿ ತಪ್ಪು ತಿದ್ದಿಸಿ ತಂದಿದ್ದರು. ಓದಿದರು. ಅನುಮೋದನೆ ಬಂತು. ಮೊತ್ತದ ಮೇಲೆ ಒಂದು ತಿದ್ದುಪಡಿ ಬಂತು, ಬಿತ್ತು. ಕೈ ಎತ್ತಿಸಿ ಎಣಿಸಿದರು: ಪರ 27, ವಿರೋಧ 4. ಇಪ್ಪತ್ತೈದು ನಿಮಿಷ. ವಿರೋಧಿಸಿದವರಲ್ಲಿ ಒಬ್ಬರು ತಳಮಹಡಿಯ ವಯಸ್ಸಾದ ಹೆಂಗಸು. ಮೇಲಿನವರ ಸೂರಿಗೆ ತಾವೇಕೆ ದುಡ್ಡು ಕೊಡಬೇಕು ಎಂಬುದು ಅವರ ವಾದ. ಕರಡು ನಡಾವಳಿ ಬಂದ ದಿನ ಅವರು ಸೊಸೈಟಿ ಆಫೀಸಿಗೆ ಬಂದು ಕನ್ನಡಕ ಹಾಕಿಕೊಂಡು ಹಾಳೆ ತಿರುಗಿಸಿದರು. ‘ವಿರೋಧ: 4’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಇದರಲ್ಲಿ ನಾನೂ ಇದ್ದೇನೆ ತಾನೆ?” ಎಂದು ಸೆಕ್ರೆಟರಿಯನ್ನು ಕೇಳಿದರು. ಇದ್ದೀರಿ ಎಂದರು. ಸರಿ ಎಂದು ಚೀಲದಿಂದ ಚೆಕ್ ಪುಸ್ತಕ ತೆಗೆದು ರಿಪೇರಿ ಫಂಡಿನ ಬಾಕಿ ಬರೆದುಕೊಟ್ಟರು.